ಸೆರಗಿನ ಹಿಂಬದಿ

2023ರ ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಹನ್ನೊಂದು ಇಳಕಲ್ ಸೀರೆ. ಡಾಂಬರ ಗುಳಿಗೆಯ ವಾಸನೆ, ಅದರ ಕೆಳಗೆ ಹಳೇ ರೇಷ್ಮೆಯ ವಾಸನೆ. "ಇವನ್ನೆಲ್ಲಾ ಈಗ ಯಾರು ಉಡತಾರ? ನೀ ಒಯ್ಯೂದಿದ್ರ ಒಯ್ಯಿ, ಇಲ್ಲಾಂದ್ರ ಕೌದಿ ಹೊಲಿಯಾಕ ಕೊಡತೀನಿ" ಅಂದಳು. ಕೌದಿಯ ಮಾತು ಕೇಳಿ ನನ್ನ ಕರುಳು ಚುರ್ ಅಂದಿತು. ನಾಲ್ಕು ಸೀರೆ ಬ್ಯಾಗಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಬಂದೆ.

ನಾನು ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮುಂದಿನ ಸೋಮವಾರ ಗಾಢ ಹಸಿರಿನ, ಕೆಂಪು ಸೆರಗಿನ ಇಳಕಲ್ ಸೀರೆಯನ್ನು ಬಿಳಿ ಕಾಲರ್ ಶರ್ಟಿನ ಮೇಲೆ ಉಟ್ಟುಕೊಂಡು ಹೋದೆ. ಅವ್ವನ ಕುಪ್ಪಸ ನನಗೆ ಆಗುತ್ತಿರಲಿಲ್ಲ, ಹೊಲಿಸಲು ಸಮಯವಿರಲಿಲ್ಲ, ಕಾರಣ ಅಷ್ಟೇ. ಮಧ್ಯಾಹ್ನದೊಳಗೆ ಐದು ಜನ ಕೇಳಿದರು, "ಎಲ್ಲಿ ತಗೊಂಡ್ರಿ?" ಹೊಸದಾಗಿ ಸೇರಿದ್ದ ಉಪನ್ಯಾಸಕಿಯೊಬ್ಬಳು ಫೋಟೊ ತೆಗೆದುಕೊಂಡು, "ಅಕ್ಕಾ, ನಮ್ಮಜ್ಜೀದೂ ಇಂಥಾ ಸೀರಿ ಅದಾವ್ರಿ, ಹಿಂಗ ಉಡಬಹುದು ಅಂತ ಗೊತ್ತೇ ಇರಲಿಲ್ಲ" ಅಂದಳು. ಆ ರಾತ್ರಿಯೇ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೇಜ್ ಮಾಡಿದೆ. ಆಗ ನನಗೆ ಮೂವತ್ತಮೂರು. ಬಹಳ ಜನ ಹದಿನೆಂಟು ಇಪ್ಪತ್ತಕ್ಕೇ ಇದಕ್ಕೆ ಇಳಿಯುತ್ತಾರೆ. ತಡವಾಗಿ ಬಂದದ್ದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ, ಯಾಕೆಂದರೆ ನನ್ನ ಹತ್ತಿರ ಸಂಬಳದ ಕೆಲಸ ಇತ್ತು, ಬಂದ ಮೊದಲ ಆಫರಿಗೇ ಕೈಚಾಚುವ ಅವಸರ ಇರಲಿಲ್ಲ. ಹಾಗಿದ್ದೂ ಒಮ್ಮೆ ಎಡವಿದೆ. ಅದನ್ನು ಮುಂದೆ ಹೇಳುತ್ತೇನೆ.

ಸಾಮಾನು ಅಂತ ಏನೂ ಇರಲಿಲ್ಲ. ಇದ್ದ ಫೋನು, ದುರ್ಗದಬೈಲಿನಲ್ಲಿ ತಂದ ಒಂದು ಸ್ಟ್ಯಾಂಡು, ಕಾಲರಿಗೆ ಸಿಕ್ಕಿಸುವ ವೈರಿನ ಮೈಕು. ಎಲ್ಲ ಸೇರಿ ಸಾವಿರದ ಒಳಗೇ ಮುಗಿಯಿತು. ಹೊಸದಾಗಿ ಶುರುಮಾಡುವವರು ಮೊದಲು ರಿಂಗ್ ಲೈಟ್ ಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೈಕು ಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಮುಂದೆ ಹೋಗುತ್ತಾರೆ. ಬೆಳಕಿಗೆ ನಮ್ಮ ಮಾಳಿಗೆ ಇದೆ.

ಬೆಳಕಿನ ವಿಷಯ ಕಲಿಯಲು ಎರಡು ತಿಂಗಳು ಹಿಡಿಯಿತು. ಇಳಕಲ್ ಸೆರಗಿನ ಕೆಂಪು ಫೋನಿನ ಕ್ಯಾಮೆರಾಕ್ಕೆ ಬಲು ಕಠಿಣ. ಬಿಸಿಲಲ್ಲಿ ಹಿಡಿದರೆ ಆ ಕೆಂಪು ಕಿತ್ತಳೆಗೆ ತಿರುಗಿ, ಸೆರಗಿನೊಳಗಿನ ಬಿಳಿ ತೆನೆಗಳು, ಹಣಿಗೆಯ ಹಲ್ಲಿನಂಥ ಗೆರೆಗಳು ಎಲ್ಲ ಕಲಸಿ ಒಂದೇ ಬಣ್ಣದ ಮುದ್ದೆಯಾಗುತ್ತವೆ. ನೀಲಿ ಮೈಯ ಸೀರೆ ಕಪ್ಪಾಗಿ ಕಾಣುತ್ತದೆ. ಸುಣ್ಣದ ಗೋಡೆಯ ಮುಂದೆ ನಿಂತರೆ ಕ್ಯಾಮೆರಾ ಗೋಡೆಯನ್ನೇ ನೋಡಿ ನನ್ನ ಮುಖವನ್ನೂ ಸೀರೆಯನ್ನೂ ಇನ್ನಷ್ಟು ಕಪ್ಪಾಗಿಸುತ್ತದೆ. ಕೊನೆಗೆ ಸರಿಹೋದದ್ದು ಹೀಗೆ: ಬೆಳಗಿನ ಏಳರಿಂದ ಎಂಟರೊಳಗೆ, ನೀರಿನ ಟಾಕಿಯ ನೆರಳಲ್ಲಿ, ಹಿಂದೆ ಇಟ್ಟಂಗಿ ಗೋಡೆ. ಪರದೆಯ ಮೇಲೆ ಸೆರಗು ಕಾಣುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ಸು, ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ಆಮೇಲೆ ಸೂರ್ಯನ ಗುರುತನ್ನು ಕೆಳಕ್ಕೆ ಜಗ್ಗಿ ಬೆಳಕು ಸ್ವಲ್ಪ ಇಳಿಸಬೇಕು. ಆಗ ತೆನೆ ತೆನೆಯಾಗಿ ಕಾಣುತ್ತದೆ.

ಇದೇ ಹೊತ್ತಿಗೆ ಫಿಲ್ಟರ್ ಬಿಟ್ಟೆ. ನಾನು ಕಪ್ಪು. ಮೊದಲ ಕೆಲವು ವಿಡಿಯೋಗಳಲ್ಲಿ ಮುಖ ತಿಳಿಯಾಗಿಸುವ ಫಿಲ್ಟರ್ ಹಾಕಿದ್ದೆ. ಒಂದು ದಿನ ಒಬ್ಬಾಕೆ ಮೆಸೇಜ್ ಮಾಡಿ, ನಾನು ಉಟ್ಟ ಬಣ್ಣದ್ದೇ ಸೀರೆ ಅಂಗಡಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ ಅಂದರು. ಅದೇ ಸೀರೆಯನ್ನು ಫೋನಿನ ಪಕ್ಕ ಹಿಡಿದು ನೋಡಿದೆ. ಫಿಲ್ಟರ್ ನನ್ನ ಮುಖದ ಜೊತೆಗೆ ಸೀರೆಯ ಬಣ್ಣವನ್ನೂ ಬದಲಿಸಿತ್ತು. ದಾಳಿಂಬೆ ಕೆಂಪು ಗುಲಾಬಿಯಾಗಿತ್ತು. ಬಟ್ಟೆ ತೋರಿಸುವವಳು ಬಟ್ಟೆಯ ಬಣ್ಣವನ್ನೇ ತಪ್ಪು ತೋರಿಸಿದರೆ ಉಳಿಯುವುದೇನು? ಅವತ್ತಿನಿಂದ ಹಾಕಿಲ್ಲ. ನನ್ನ ಬಣ್ಣದ ಬಗ್ಗೆ ಕೆಟ್ಟ ಕಮೆಂಟು ಬಂದವು, ಇವತ್ತಿಗೂ ಬರುತ್ತವೆ. ಕೆಲವನ್ನು ಅಳಿಸುತ್ತೇನೆ, ಕೆಲವರನ್ನು ಬ್ಲಾಕ್ ಮಾಡುತ್ತೇನೆ. ನೋವಾಗುವುದಿಲ್ಲ ಅಂತ ಹೇಳಲಾರೆ. ಆದರೆ "ಅಕ್ಕಾ, ನನ್ನ ಬಣ್ಣಕ್ಕ ಯಾವ ದಡಿ ಒಪ್ಪತೈತಿ ಅಂತ ಮೊದಲ ಸಲ ಗೊತ್ತಾತು" ಅಂತ ಬರೆಯುವ ಹುಡುಗಿಯರೂ ಇದ್ದಾರೆ. ಅವರಿಗಾಗಿ ಮುಖ ಇದ್ದ ಹಾಗೇ ಇರುತ್ತದೆ.

ಮೊದಲ ರೀಲಿಗೆ 212 ವ್ಯೂ ಬಂದವು. ಅದರಲ್ಲಿ ಅರ್ಧ ನಮ್ಮ ಬಂಧುಗಳವೇ ಇರಬೇಕು. ಆಗ ರೀಲಿಗೆ 90 ಸೆಕೆಂಡಿನ ಮಿತಿ ಇತ್ತು, ನಾನು ಅಷ್ಟನ್ನೂ ತುಂಬುತ್ತಿದ್ದೆ. "ಎಲ್ಲರಿಗೂ ನಮಸ್ಕಾರ, ನನ್ನ ಪೇಜಿಗೆ ಸ್ವಾಗತ, ಇವತ್ತು ನಾವು..." ಇಷ್ಟಾಗುವಷ್ಟರಲ್ಲಿ ಏಳು ಸೆಕೆಂಡು. ಅಂಕಿಅಂಶದ ಪುಟ ತೆಗೆದರೆ ಜನ ಸರಾಸರಿ ನಾಲ್ಕೇ ಸೆಕೆಂಡು ನೋಡಿದ್ದರು. ನಮಸ್ಕಾರ ಮುಗಿಯುವ ಮೊದಲೇ ಹೋಗಿಬಿಟ್ಟಿದ್ದರು. ಮುಂದಿನ ವಿಡಿಯೋದಲ್ಲಿ ನೇರವಾಗಿ ನಿರಿಗೆ ಹಿಡಿದ ಕೈಯಿಂದ ಶುರುಮಾಡಿ, "ಗಿಡ್ಡ ಇದ್ದವರು ಇಳಕಲ್ ಸೀರಿ ಉಡೂಮುಂದ ದಡಿ ಎಲ್ಲಿ ಬರಬೇಕು ನೋಡ್ರಿ" ಅಂದೆ. ದಡಿ ಅಂದರೆ ಸೀರೆಯ ಅಂಚು. 40 ಸೆಕೆಂಡು. ಅದಕ್ಕೆ 6,000 ದಾಟಿತು. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆಡಂ ಮೊಸ್ಸೆರಿ ಅವರೇ ಹೇಳಿದರು, ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು, ಈ ಮೂರನ್ನೇ ಮುಖ್ಯವಾಗಿ ಲೆಕ್ಕ ಹಿಡಿಯುತ್ತಾರಂತೆ. ನನಗೆ ಅದು ಮೊದಲೇ ಕಂಡಿತ್ತು. ನನ್ನ ವಿಡಿಯೋಗಳು ಹಬ್ಬಿದ್ದು ಅಕ್ಕ ತಂಗಿಯರು, ಅತ್ತಿಗೆ ನಾದಿನಿಯರು ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದರಿಂದ.

ಭಾಷೆಯ ಬಗ್ಗೆಯೂ ಒಂದು ಮಾತು. ಶುರುವಿನಲ್ಲಿ ಟಿವಿ ನಿರೂಪಕಿಯರ ಹಾಗೆ ಮಾತಾಡಲು ಹೋಗಿ ಪ್ರತಿ ವಾಕ್ಯಕ್ಕೂ ಮೂರು ಸಲ ರಿಟೇಕ್ ಆಗುತ್ತಿತ್ತು. ಒಂದು ದಿನ ನನ್ನ ತಂಗಿ ಕ್ಯಾಮೆರಾ ಹಿಡಿದವಳು ಸಿಟ್ಟಿಗೆದ್ದು, "ಅಕ್ಕಾ, ನನಗ ಹೇಳಿದಂಗ ಹೇಳ" ಅಂದಳು. ಹೇಳಿದೆ. ಒಂದೇ ಸಲಕ್ಕೆ ಮುಗಿಯಿತು. "ಶುದ್ಧ ಕನ್ನಡ ಮಾತಾಡಿ" ಅಂತ ಒಂದಿಬ್ಬರು ಬರೆದರು. ಸೆರಗು, ದಡಿ, ಖಣ, ಇವೆಲ್ಲ ನಮ್ಮ ಮನೆಯ ಮಾತಲ್ಲೇ ಬೆಳೆದ ವಸ್ತುಗಳು. ಅವುಗಳ ಬಗ್ಗೆ ಬೇರೆ ಮಾತಲ್ಲಿ ಹೇಳಲು ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಜೂನ್ ಹೊತ್ತಿಗೆ 3,000 ಫಾಲೋವರ್ ಆದರು. ಆಗ ಬರಲು ಶುರುವಾದವು ಮೆಸೇಜುಗಳು. ದುಡ್ಡು ಕೊಟ್ಟರೆ ಸಾವಿರಗಟ್ಟಲೆ ಫಾಲೋವರ್ ಕೊಡುತ್ತೇವೆ ಅನ್ನುವವರು. ನಿಮ್ಮ ಪೇಜು ಕಾಪಿರೈಟ್ ಮುರಿದಿದೆ, ಈ ಲಿಂಕ್ ಒತ್ತದಿದ್ದರೆ 24 ಗಂಟೆಯಲ್ಲಿ ಬಂದ್ ಆಗುತ್ತದೆ ಅನ್ನುವವರು. ನನ್ನ ಗೆಳತಿಯೊಬ್ಬಳು ಅಂಥ ಲಿಂಕ್ ಒತ್ತಿ, ಎರಡು ವರ್ಷ ಕಟ್ಟಿದ ಅಡುಗೆ ಪೇಜನ್ನು ಒಂದೇ ಸಂಜೆಯಲ್ಲಿ ಕಳೆದುಕೊಂಡಳು. ಎರಡು ಹಂತದ ಪರಿಶೀಲನೆ ಹಾಕಿಕೊಳ್ಳದೆ ಪೇಜ್ ನಡೆಸಲೇಬೇಡಿ.

ಜುಲೈ ಕೊನೆಗೆ ಒಂದು ಸೀರೆ ಅಂಗಡಿಯಿಂದ ಮೆಸೇಜ್ ಬಂತು. ಹೆಸರು ಹೇಳುವುದಿಲ್ಲ. "ಮೂರು ಸೀರೆ ಉಚಿತವಾಗಿ ಕಳಿಸುತ್ತೇವೆ, ಆಗಸ್ಟ್ 7ಕ್ಕೆ ಒಂದು ರೀಲ್ ಹಾಕಿ" ಅಂದರು. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಿಸುತ್ತಾರೆ. ಮೊದಲ ಕೊಲ್ಯಾಬ್, ಅದೂ ಕೈಮಗ್ಗ ದಿನಕ್ಕೆ. ಖುಷಿಯಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಅವರು ಬರೆದು ಕಳಿಸಿದ ಮಾತುಗಳನ್ನೇ ಹೇಳಿದೆ: "ಅಪ್ಪಟ ಟೋಪ ತೆನಿ ಸೆರಗಿನ ಕೈಮಗ್ಗದ ಇಳಕಲ್ ಸೀರೆ." ಟೋಪ ತೆನಿ ಅಂದರೆ ಕೆಂಪು ರೇಷ್ಮೆಯಲ್ಲಿ ಬಿಳಿ ತೆನೆಗಳಿರುವ ಇಳಕಲ್ಲಿನ ಸಾಂಪ್ರದಾಯಿಕ ಸೆರಗು. ಸೀರೆ ಪುಕ್ಕಟೆ ಬಂದದ್ದು ಅಂತ ಎಲ್ಲೂ ಹೇಳಲಿಲ್ಲ. ಹೇಳಬೇಕು ಅಂತ ನನಗೆ ತಿಳಿದಿರಲಿಲ್ಲ, ಕೇಳಿ ತಿಳಿಯುವ ಪ್ರಯತ್ನವನ್ನೂ ಮಾಡಲಿಲ್ಲ. ಎರಡು ದಿನದಲ್ಲಿ 41,000 ವ್ಯೂ. ಅಂಗಡಿಯವರು ಹೂವಿನ ಇಮೋಜಿ ಕಳಿಸಿದರು.

ಮೂರನೇ ದಿನ ಒಂದು ವಾಯ್ಸ್ ಮೆಸೇಜ್ ಬಂತು. ವಯಸ್ಸಾದ ಧ್ವನಿ, ಹಿಂದೆ ಮಗ್ಗದ ಸದ್ದು. "ತಂಗೀ, ನಮ್ಮ ಸೊಸಿ ನಿಮ್ಮ ವಿಡಿಯೋ ತೋರಸತಾಳ್ರಿ, ಚಲೋ ಮಾಡತೀರಿ. ಆದ್ರ ಆ ಸೀರಿ ಕೈಮಗ್ಗದ್ದಲ್ರಿ. ಅಂಥಾ ಸೀರಿ ಮೂರು ವರ್ಷ ನಾನೇ ಪವರ್‌ಲೂಮಿನ್ಯಾಗ ನೇಯ್ದೀನಿ. ಸೆರಗ ಹೊಳ್ಳಿಸಿ ನೋಡ್ರಿ. ಟೋಪ ತೆನಿ ಅಂತೀರಿ, ಕೊಂಡಿ ಎಲ್ಲೈತ್ರಿ?"

ಇಪ್ಪತ್ತಾರು ಸೆಕೆಂಡಿನ ಆ ಮಾತನ್ನು ಎಷ್ಟು ಸಲ ಕೇಳಿದೆನೋ. ಅದರಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಸೀರೆ ತಂದು ಹಾಸಿಗೆಯ ಮೇಲೆ ಹರಡಿ, ಸೆರಗು ಶುರುವಾಗುವ ಜಾಗವನ್ನು ತಿರುಗಿಸಿ ಬೆರಳಾಡಿಸಿದೆ. ನುಣ್ಣಗೆ ಇತ್ತು. ಎದ್ದು ಹೋಗಿ ಅವ್ವನ ಹಸಿರು ಸೀರೆ ತಂದೆ. ಅದೇ ಜಾಗದಲ್ಲಿ ಅಡ್ಡಕ್ಕೆ ಒಂದು ಸಣ್ಣ ಏಣು, ಬೆರಳ ತುದಿಗೆ ತಾಗುವ ಕುಣಿಕೆಗಳ ಸಾಲು. ಇಷ್ಟು ವರ್ಷ ಮನೆಯಲ್ಲಿದ್ದ ಸೀರೆ, ಒಮ್ಮೆಯೂ ಹಿಂಬದಿ ನೋಡಿರಲಿಲ್ಲ.

ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಬಂದು ನೋಡಬಹುದಾ ಅಂದೆ. "ಬರ್ರಿ, ಅದಕ್ಕೇನ್ ಕೇಳೂದೈತಿ" ಅಂದರು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಗದಗ, ಗಜೇಂದ್ರಗಡ ದಾಟಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿಗೆ ಹೋದೆ.

ಅವರ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಟ್ಟು ಕೂತು ನೇಯುತ್ತಾರೆ. ಅವರ ಹೆಂಡತಿ ಗೋಡೆಗೆ ಒರಗಿ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನಾನು ಹೋದಾಗ ಹೊಸ ಸೀರೆಗೆ ಕೊಂಡಿ ಹಾಕುವ ಕೆಲಸ ನಡೆದಿತ್ತು. ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಸೀರೆಯ ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಮೈಯದು ಹತ್ತಿಯ ಎಳೆ, ಸೆರಗಿನದು ಕೆಂಪು ರೇಷ್ಮೆ. ಎರಡರ ತುದಿಯನ್ನೂ ಒಂದರೊಳಗೊಂದು ಕುಣಿಕೆ ಮಾಡಿ ಸಿಕ್ಕಿಸಬೇಕು, ಒಂದೊಂದೇ ಎಳೆ, ಸೀರೆಯ ಅಗಲಕ್ಕೂ. ಅವರು ಅದನ್ನು ನೋಡುತ್ತಲೇ ಇರಲಿಲ್ಲ, ಬೆರಳುಗಳೇ ಹುಡುಕಿಕೊಂಡು ಹೋಗುತ್ತಿದ್ದವು. ಹೆಬ್ಬೆರಳಿನ ಪಕ್ಕದ ಚರ್ಮ ಆ ಕೆಂಪು ಬಣ್ಣ ಹತ್ತಿ ಹತ್ತಿ ಕಂದಾಗಿತ್ತು. ಹೀಗೆ ಜೋಡಿಸುವುದರಿಂದ ಒಂದೊಂದು ಸೀರೆಗೂ ಬೇರೆಯೇ ಹಾಸು ಹೂಡಬೇಕು. ಪವರ್‌ಲೂಮಿನ ಹಾಗೆ ಉದ್ದನೆಯ ಹಾಸು ಏರಿಸಿ ಒಂದರ ಹಿಂದೆ ಒಂದು ಇಳಿಸಲು ಬರುವುದಿಲ್ಲ. "ಇದಕ್ಕ ನಾಲ್ಕು ದಿನ ಬೇಕ್ರಿ, ಮನಿ ಮಂದಿ ಎಲ್ಲಾ ಸೇರಿ" ಅಂದರು. ಸೀರೆಯ ಬೆಲೆ ಯಾಕೆ ಅಷ್ಟು ಅಂತ ಅವತ್ತು ನನ್ನ ಕಣ್ಣಿಗೇ ಕಂಡಿತು.

ಇನ್ನೊಂದು ವಿಷಯವನ್ನೂ ಅವರೇ ತಿದ್ದಿದರು. ಕೊಂಡಿ ಇಲ್ಲ ಅಂದಮಾತ್ರಕ್ಕೆ ಕೈಮಗ್ಗದ್ದಲ್ಲ ಅಂತ ಹೇಳಬಾರದು, ಟೋಪ ತೆನಿ ಸೆರಗಿಲ್ಲದ ಕೈಮಗ್ಗದ ಸೀರೆಗಳೂ ಇವೆ. ಟೋಪ ತೆನಿ ಕೈಮಗ್ಗ ಅಂತ ಹೇಳಿ ಮಾರಿದರೆ ಮಾತ್ರ ಕೊಂಡಿ ಕೇಳಬೇಕು. ಪವರ್‌ಲೂಮಿನವರ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ. "ಅವರೂ ಹೊಟ್ಟಿಗೇ ದುಡೀತಾರ. ಪವರ್‌ಲೂಮಿಂದು ಅಂತ ಹೇಳಿ ಮಾರಲಿ, ತಗೊಳ್ಳೋರು ತಗೊಳ್ಳಲಿ." ವಿಡಿಯೋ ಮಾಡಲೇ ಅಂದಾಗ ಅವರ ಹೆಂಡತಿ, "ಮುಖ ಬ್ಯಾಡವ್ವಾ, ಕೈ ಅಷ್ಟ ತಗೀ" ಅಂದರು. ಕೈಗಳನ್ನಷ್ಟೇ ತೆಗೆದೆ.

ಹುಬ್ಬಳ್ಳಿಗೆ ಬಂದು ಎರಡು ಕೆಲಸ ಮಾಡಿದೆ. ಮೊದಲು ಅಂಗಡಿಯವರಿಗೆ ಫೋನ್ ಮಾಡಿ ಹೇಳಿದೆ. "ಎಲ್ಲರೂ ಹೀಗೇ ಮಾರುವುದು, ನಿಮಗ್ಯಾಕೆ?" ಅಂದರು. ಮೂರೂ ಸೀರೆಗಳನ್ನು ಕೊರಿಯರ್ ಮಾಡಿ ವಾಪಸ್ ಕಳಿಸಿದೆ. ಆಮೇಲೆ ಹಳೆಯ ರೀಲ್ ತೆಗೆದು, ಹೊಸದೊಂದು ಹಾಕಿದೆ. ಅಂಗಡಿಯ ಹೆಸರೆತ್ತದೆ, ನಾನು ತಪ್ಪು ಹೇಳಿದ್ದೆ, ಸೀರೆ ಪುಕ್ಕಟೆ ಬಂದಿತ್ತು, ಅದನ್ನೂ ಹೇಳಿರಲಿಲ್ಲ ಅಂತ ಹೇಳಿ, ಅವ್ವನ ಸೀರೆಯ ಸೆರಗು ತಿರುಗಿಸಿ ಕೊಂಡಿ ತೋರಿಸಿದೆ. ಜೊತೆಗೆ ಆ ಕೈಗಳು. ಮಾತಾಡುವಾಗ ಗಂಟಲು ಕಟ್ಟಿತು, ಮತ್ತೆ ತೆಗೆಯುವ ಧೈರ್ಯವಾಗಲಿಲ್ಲ, ಹಾಗೇ ಹಾಕಿದೆ. ಮುನ್ನೂರು ಚಿಲ್ಲರೆ ಜನ ಬಿಟ್ಟು ಹೋದರು. ಒಂದು ವಾರದ ಮೇಲೆ ಆ ವಿಡಿಯೋ ಹಬ್ಬತೊಡಗಿತು. ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ತಮ್ಮ ತಮ್ಮ ಅಜ್ಜಿಯರ ಸೀರೆಗಳ ಹಿಂಬದಿಯ ಫೋಟೊ ಕಳಿಸಿ, "ಇದು ಕೊಂಡಿ ಹೌದಾ?" ಅಂತ ಕೇಳತೊಡಗಿದರು. ಇವತ್ತಿಗೆ ನನ್ನ ಪೇಜಿನಲ್ಲಿ ಅತಿ ಹೆಚ್ಚು ಜನ ಸೇವ್ ಮಾಡಿಕೊಂಡ ವಿಡಿಯೋ ಅದೇ.

ಆಮೇಲೆ ನಿಯಮಗಳನ್ನು ಕೂತು ಓದಿದೆ. ಲೆಕ್ಕದವಳಾದ್ದರಿಂದ ಅಷ್ಟು ಕಷ್ಟವಾಗಲಿಲ್ಲ. ಜಾಹೀರಾತು ಮಾನದಂಡ ಮಂಡಳಿ ಆಸ್ಕಿಯ ಮಾರ್ಗಸೂಚಿ 2021ರ ಜೂನ್ 14ರಿಂದಲೇ ಇತ್ತು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ 2023ರ ಜನವರಿಯಲ್ಲಿ, ಅಂದರೆ ನಾನು ಪೇಜ್ ಮಾಡಿದ ತಿಂಗಳಲ್ಲೇ, ಇನ್‌ಫ್ಲುಯೆನ್ಸರ್‌ಗಳಿಗೆ ಸೂಚನೆ ಹೊರಡಿಸಿತ್ತು. ದುಡ್ಡೇ ಆಗಬೇಕಿಲ್ಲ, ಪುಕ್ಕಟೆ ಬಂದ ವಸ್ತು, ರಿಯಾಯಿತಿ, ಪ್ರವಾಸ ಏನೇ ಆದರೂ ಹೇಳಲೇಬೇಕು. ಕೆಳಗಿನ ಹ್ಯಾಶ್‌ಟ್ಯಾಗುಗಳ ರಾಶಿಯಲ್ಲಿ ಮುಚ್ಚಿಟ್ಟರೆ ಆಗದು, ವಿಡಿಯೋದಲ್ಲೇ ಕಾಣಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೂ ದಂಡ ಹಾಕಬಹುದು. ನನ್ನ ವಿಡಿಯೋ ಕನ್ನಡದಲ್ಲಿ, ಹಾಗಾಗಿ ಮೊದಲ ಸೆಕೆಂಡಿನಿಂದಲೇ ಮೂಲೆಯಲ್ಲಿ "ಜಾಹೀರಾತು" ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಹಾಕುತ್ತೇನೆ. ಹಾಗೆ ಹಾಕಿದರೆ ಜನ ನೋಡುವುದಿಲ್ಲ ಅಂತ ಹೆದರಿಸುವವರಿದ್ದಾರೆ. ನನ್ನ ಅನುಭವದಲ್ಲಿ ಹಾಗಾಗಿಲ್ಲ.

ದುಡ್ಡಿನ ವಿಷಯ. ಮೊದಲ ಸಂಭಾವನೆ ಬಂದದ್ದು ಹತ್ತನೇ ತಿಂಗಳಿಗೆ, ಒಂದು ರೀಲಿಗೆ 4,000 ರೂಪಾಯಿ. ಕೈಗೆ ಬರಲು ಎಪ್ಪತ್ತೈದು ದಿನ ಹಿಡಿಯಿತು. ಈಗ ಮೊದಲೇ ಬರವಣಿಗೆಯಲ್ಲಿ ಕೇಳುತ್ತೇನೆ: ಎಷ್ಟು ದಿನಕ್ಕೆ ಪೇಮೆಂಟ್, ಎಷ್ಟು ಸಲ ತಿದ್ದಿಸುತ್ತೀರಿ, ನನ್ನ ವಿಡಿಯೋವನ್ನು ನೀವು ಬೇರೆ ಕಡೆ ಜಾಹೀರಾತಾಗಿ ಎಷ್ಟು ತಿಂಗಳು ಬಳಸುತ್ತೀರಿ, ಸೀರೆ ವಾಪಸ್ ಬೇಕಾ. ಕೊನೆಯ ಪ್ರಶ್ನೆ ತೆರಿಗೆಗೂ ಮುಖ್ಯ. 2022ರ ಜುಲೈ 1ರಿಂದ ಬಂದ ನಿಯಮದ ಪ್ರಕಾರ ಕಂಪನಿ ಕೊಟ್ಟ ವಸ್ತು ನಾವೇ ಇಟ್ಟುಕೊಂಡು, ಅದರ ಬೆಲೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ, ಅನ್ವಯಿಸುತ್ತದೆ. ತಿರುಗಿ ಕೊಟ್ಟರೆ ಇಲ್ಲ. ಒಪ್ಪಂದದಲ್ಲಿ ನಾನೇ ಸೇರಿಸಿದ ಇನ್ನೊಂದು ಸಾಲಿದೆ: ಕೈಮಗ್ಗ ಅಂತ ಹೇಳಬೇಕಾದರೆ ಕೈಮಗ್ಗದ್ದೇ ಅನ್ನುವುದಕ್ಕೆ ಸರ್ಕಾರದ ಗುರುತಾದ ಹ್ಯಾಂಡ್‌ಲೂಮ್ ಮಾರ್ಕಿನ ಚೀಟಿ ತೋರಿಸಬೇಕು, ಇಲ್ಲವೇ ನೇಯ್ದವರ ಜೊತೆ ಮಾತಾಡಿಸಬೇಕು. ಈ ಸಾಲು ನೋಡಿ ಹಿಂದೆ ಸರಿದ ಅಂಗಡಿಗಳು ಏಳು. ಒಪ್ಪಿದವು ನಾಲ್ಕು.

ಈಗ 18,000 ಚಿಲ್ಲರೆ ಫಾಲೋವರ್ ಇದ್ದಾರೆ. ಕೆಲವು ತಿಂಗಳು ಎಂಟು ಒಂಬತ್ತು ಸಾವಿರ ಬರುತ್ತದೆ, ಕೆಲವು ತಿಂಗಳು ಏನೂ ಬರುವುದಿಲ್ಲ. ಕಾಲೇಜಿನ ಕೆಲಸ ಬಿಟ್ಟಿಲ್ಲ. ಪವರ್‌ಲೂಮಿನ ಸೀರೆಗಳನ್ನೂ ತೋರಿಸುತ್ತೇನೆ, ಪವರ್‌ಲೂಮ್ ಅಂತ ಹೇಳಿಯೇ. ಕೈಮಗ್ಗದ್ದು ಕೊಳ್ಳಲಾಗದ ಮನೆ ನಮ್ಮದೂ ಆಗಿತ್ತು. ದಿನಾ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಕಡಿಮೆ ಬೆಲೆಯ ಸೀರೆಯೂ ಅಂದವಾಗಿ ಉಡಲು ಬರಬೇಕು.

ಕಳೆದ ತಿಂಗಳು ಆ ನೇಕಾರರ ಸೊಸೆ ಮೆಸೇಜ್ ಮಾಡಿದ್ದಳು. ವಿಡಿಯೋ ನೋಡಿದ ಇಬ್ಬರು ಮನೆಗೇ ಬಂದು ಸೀರೆ ಒಯ್ದರಂತೆ. ಮಾವ ಅವಳಿಗೆ ಮಗ್ಗದ ಮೇಲೆ ಫೋನ್ ಇಡಲು ಕಟ್ಟಿಗೆಯ ಸ್ಟ್ಯಾಂಡು ಮಾಡಿಕೊಟ್ಟಿದ್ದಾರೆ, ತಾನೂ ಒಂದು ಪೇಜ್ ತೆಗೆಯುತ್ತಾಳಂತೆ. "ಅಕ್ಕಾ, ಮೊದಲ ವಿಡಿಯೋದಾಗ ಏನ್ ತೋರಸಲಿ?" ಅಂತ ಕೇಳಿದ್ದಾಳೆ. ನಾಡಿದ್ದು ಭಾನುವಾರ ಹೋಗುತ್ತಿದ್ದೇನೆ, ಅವ್ವನೂ ಬರುತ್ತಾಳೆ. ಕಸೂತಿ ಹಾಕಿದ ತನ್ನ ಮದುವೆಯ ಚಂದ್ರಕಾಳಿ ಸೀರೆಯನ್ನು ಟ್ರಂಕಿನಿಂದ ತೆಗೆದಿಟ್ಟಿದ್ದಾಳೆ, ಅದರ ಕೊಂಡಿಯನ್ನು ಅವರಿಗೆ ತೋರಿಸಬೇಕಂತೆ. ಕಪ್ಪು ಸೀರೆ, ಬಿಸಿಲೇರುವ ಮೊದಲೇ ಶೂಟ್ ಮಾಡಬೇಕು. ಹಾಗಾಗಿ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇವೆ ಅಂದರೂ ತಡವಾಗುತ್ತದೆ. ಶನಿವಾರ ರಾತ್ರಿಯೇ ಹೋಗಿ ಅವರ ಮನೆಯಲ್ಲೇ ಉಳಿಯುವುದು ಅಂತ ಈಗ ತೀರ್ಮಾನವಾಗಿದೆ.